ಕಾಫಿ ತೋಟದಿಂದ ಬಂದ ಪಂಪು

ಭೀಮಶ್ಯಾ ಮತ್ತು ಅವನ ಹೆಂಡತಿ ದ್ರೌಪದಿ ಕೊಡಗಿನ ಕಾಫಿ ತೋಟದಲ್ಲಿ ಕೆಲವು ವರ್ಷ ದುಡಿದು, ೨೦೦೫ರ ಬೇಸಿಗೆಯಲ್ಲಿ ತಮ್ಮೂರಾದ ಸುಲೇಪೇಟದ ಹೊಲಕ್ಕೆ ಮರಳಿದರು. ತೋಟದಲ್ಲಿ ಭೀಮಶ್ಯಾನದು ಕಳೆನಾಶಕ ಹೊಡೆಯುವ ಕೆಲಸ. ಹೆಣ್ಣಾಳುಗಳ ಗುಂಪೊಂದು ದಿನವಿಡೀ ಕತ್ತಿಯಿಂದ ಸವರುವಷ್ಟು ಹುಲ್ಲನ್ನು ಅವನೊಬ್ಬನೇ ಮುಗಿಸುತ್ತಿದ್ದ. ಆ ಹೆಮ್ಮೆಯಲ್ಲೇ ಸಿಂಪಡಿಸುವ ಹಳೆಯ ಪಂಪೊಂದನ್ನು ಊರಿಗೂ ತಂದಿದ್ದ.

ಆ ಮಳೆಗಾಲ ತೊಗರಿ ಮೊಣಕಾಲೆತ್ತರ ಬಂದಾಗ ಸಾಲುಗಳ ನಡುವೆ ಹುಲ್ಲು ತುಂಬಿತು. ನೆಲ ಒದ್ದೆಯಾಗಿ ಎತ್ತಿನ ಕುಂಟೆಯಿಂದ ಎಡೆ ಹೊಡೆಯಲೂ ಆಗಲಿಲ್ಲ. ಅವನು ಪಂಪು ತೊಳೆಯುತ್ತ ಕೂತ.

"ಕಾಫಿ ಗಿಡದ ಬೊಡ್ಡಿ ಗಟ್ಟಿ ಇರ್ತದ. ಇದು ಎಳೀ ತೊಗರಿ. ಬ್ಯಾಡ್ರಿ," ಎಂದಳು ದ್ರೌಪದಿ.

"ಹನಿ ಸಿಡೀದಂಗ ಪಂಪಿನ ಬಾಯಿಗಿ ಟೊಪ್ಪಿಗಿ ಹಾಕಿ ನೆಲಕ್ಕ ಹಿಡ್ದು ಹೊಡೀತೀನಿ. ನಾ ಹೊಸಬ ಏನಲ್ಲ."

ಹಾಗೆಯೇ ಹೊಡೆದ. ತೊಗರಿಗೆ ಹನಿ ತಾಗಲಿಲ್ಲ. ಕೊನೆಗೆ ಬದುವಿನ ಮೇಲಿನ ಎತ್ತರದ ಹುಲ್ಲಿಗೆಂದು ಟೊಪ್ಪಿಗೆ ತೆಗೆದ. ಆಗ ಗಾಳಿ ಎದ್ದಿತ್ತು. ಬೆವರಿದ ಬೆನ್ನಿಗೆ ಹಿತವೆನಿಸಿತು, ಅಷ್ಟೆ.

ವಾರ ಕಳೆಯುವಷ್ಟರಲ್ಲಿ ಅವನ ಹೊಲ ಹಸನಾಯಿತು. ಬದುವಿನಾಚೆಯ ಹೊಲ ಅನಸುಬಾಯಿಯದು. ವಯಸ್ಸಾದ ಹೆಂಗಸು, ಒಬ್ಬಳೇ ಬೇಸಾಯ ಮಾಡುವವಳು. ಬದುವಿಗೆ ಹತ್ತಿದ ಅವಳ ತೊಗರಿ ಸಾಲುಗಳು ಹಳದಿಯಾಗಿ ಮುದುಡಿದ್ದವು. ಅವುಗಳ ನಡುವೆ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು.

"ನೆಟೆ ರೋಗ ಬಂದಂಗ ಕಾಣ್ತದ ತಮ್ಮಾ. ಇಡೀ ಹೊಲಕ್ಕ ಹಬ್ಬೂದ್ರಾಗ ಎಲ್ಲಾ ಕಿತ್ತಿ ಜೋಳಾ ಹಾಕ್ಲೇನು ಅಂತ ವಿಚಾರ ಮಾಡ್ಲಿಕತ್ತೀನಿ."

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವಳು ಚೆನ್ನಾಗಿದ್ದ ತೊಗರಿಯನ್ನೂ ಕಿತ್ತುಬಿಡುವವಳಿದ್ದಳು.

"ರೋಗ ಅಲ್ಲ ಅಕ್ಕಾ," ಎಂದ ಭೀಮಶ್ಯಾ. "ನಾ ಹುಲ್ಲಿಗಿ ಹೊಡದ ಎಣ್ಣಿ ಗಾಳಿಗಿ ಹಾರಿ ಬಂದದ. ಮುಂದ ಹಬ್ಬಂಗಿಲ್ಲ. ಉಳಿದದ್ದು ಕೀಳಬ್ಯಾಡ್ರಿ."

ಅನಸುಬಾಯಿ ನಿಧಾನ ಎದ್ದಳು. "ಕಾಫಿ ತೋಟದಾಗೂ ಹಿಂಗೇ ಹೊಡೀತಿದ್ದೇನು?"

"ಹೂಂ. ಗಾಳಿ ಇದ್ರೂ ಹೊಡೀತಿದ್ವಿ. ಯಾರೂ ಏನೂ ಅಂತಿರಲಿಲ್ಲ."

ಹೇಳುವಾಗಲೇ ಅವನಿಗೆ ಹೊಳೆಯಿತು. ಅಲ್ಲಿ ಕಣ್ಣು ಹಾಯುವ ತನಕ ಒಬ್ಬನದೇ ತೋಟ. ಹನಿ ಎಲ್ಲಿ ಬಿದ್ದರೂ ಅದೇ ಧಣಿಯ ನೆಲ. ಆಚೆ ಯಾರಿದ್ದಾರೆಂದು ತಿರುಗಿ ನೋಡುವ ಪ್ರಸಂಗವೇ ಬಂದಿರಲಿಲ್ಲ.

ಅನಸುಬಾಯಿ ಮನೆಗೆ ಹೋದಳು. ಮರುದಿನ ಗಂಡ ಹೆಂಡತಿ ಇಬ್ಬರೂ ಸುಟ್ಟ ಸಾಲುಗಳನ್ನು ಕಿತ್ತರು. ಹಿಂಗಾರಿಗೆ ಆ ಜಾಗದಲ್ಲಿ ಜೋಳ ಬಿತ್ತಿಕೊಟ್ಟರು. ಜೋಳ ಸಾಧಾರಣ ಬಂತು. ಆ ವರ್ಷವಿಡೀ ಅನಸುಬಾಯಿ ದ್ರೌಪದಿಯೊಂದಿಗೆ ಮಾತಾಡಿದಳೇ ಹೊರತು ಭೀಮಶ್ಯಾನ ಕಡೆ ನೋಡಲಿಲ್ಲ.

ಮುಂದಿನ ಮುಂಗಾರಿನ ಮೊದಲ ಮಳೆಯಾದ ಮೇಲೆ ಅವಳೇ ಅವರ ಬಾಗಿಲಿಗೆ ಬಂದಳು.

"ನನ್ನ ಹೊಲದಾಗ ಕರಕಿ ಹುಲ್ಲು ಭಾಳ ಆಗ್ಯಾದ. ಎಷ್ಟು ಕಿತ್ತಿದ್ರೂ ಹೋಗವಲ್ದು. ಬಿತ್ತೂಕಿಂತ ಮೊದಲ ಪಂಪು ತಗೊಂಡು ಬಾ."

ಭೀಮಶ್ಯಾ ತಡವರಿಸಿದ. "ನಿಮಗ ಅಂಜಿಕಿ ಇಲ್ಲೇನ್ರಿ?"

"ಅದ. ಆಚೀ ಹೊಲದಾಗ ಕಾಯಿಪಲ್ಯಾ ಅದ. ಅದಕ್ಕೇ ನಾನೂ ಸಂಗಟ ಇರ್ತೀನಿ."

ಮುಂಜಾನೆ ಅವನು ಸಿಂಪಡಿಸುತ್ತ ನಡೆದ. ಅನಸುಬಾಯಿ ಸೆರಗಿನ ತುದಿಯನ್ನು ಎತ್ತಿ ಹಿಡಿದು ತುಸು ದೂರದಲ್ಲಿ ಹಿಂದೆ ಬಂದಳು. ಸೆರಗು ಅಲುಗಿದಾಗ "ನಿಂದ್ರು" ಎಂದಳು. ಅವನು ನಿಂತ. ಗಾಳಿ ನಿಲ್ಲುವ ತನಕ ಇಬ್ಬರೂ ಹಾಗೆಯೇ ಕಾದರು.