ಐದನೆಯ ಕುರಿ

ಕಳೆದ ಆರು ವರ್ಷಗಳಲ್ಲಿ ಪ್ರಸನ್ನಕುಮಾರ್ ಒಣಹುಲ್ಲು ಕಾಣುವ ಫೋಟೊ ಒಂದನ್ನೂ ಯಾರಿಗೂ ಕೊಟ್ಟಿರಲಿಲ್ಲ. ಮಧುಗಿರಿಯಲ್ಲಿ ಅವನ ಸ್ಟುಡಿಯೊ. ಮನೆಮಂದಿಯನ್ನೆಲ್ಲ ಬೆಟ್ಟದ ಬುಡದಲ್ಲೋ ಕೆರೆ ಏರಿಯ ಮೇಲೋ ನಿಲ್ಲಿಸಿ ತೆಗೆಯುವ ಫೋಟೊಗಳಿಗೆ ಅವನು ಹೆಸರುವಾಸಿ. ಆ ಸೀಮೆಯ ನೆಲ ವರ್ಷದಲ್ಲಿ ಎಂಟು ತಿಂಗಳು ಹಳದಿ. ಅವನ ಫೋಟೊಗಳಲ್ಲಿ ಹನ್ನೆರಡು ತಿಂಗಳೂ ಹಸಿರು. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಹಳದಿ ಬಣ್ಣಕ್ಕೆಂದೇ ಒಂದು ಗೆರೆ ಇರುತ್ತದೆ. ಅದರ ಮೇಲಿನ ಗುಂಡಿಯನ್ನು ಬಲಕ್ಕೆ ಎಳೆದರೆ ಚಿತ್ರದಲ್ಲಿ ಹಳದಿಯಾಗಿರುವುದೆಲ್ಲ ಹಸಿರಾಗುತ್ತದೆ. ಮೊದಮೊದಲು ಹೆಂಗಸರ ಕೆನ್ನೆಯ ಅರಿಶಿನವೂ ಹಸಿರಾಗಿ ಜಗಳವಾಗಿತ್ತು. ಆಮೇಲೆ ಬಂದ ಸಾಫ್ಟ್‌ವೇರ್ ಮನುಷ್ಯರನ್ನು ತಾನೇ ಗುರುತಿಸಿ ಹೊರಗಿಡುತ್ತಿತ್ತು. ಕುರಿಗಳನ್ನೂ ಹೊರಗಿಡಬೇಕೆಂದು ಅದಕ್ಕೆ ಹೊಳೆಯಲಿಲ್ಲ. ಪ್ರಸನ್ನಕುಮಾರನಿಗೂ ಹೊಳೆಯಲಿಲ್ಲ.

ಏಪ್ರಿಲ್ ಎರಡನೇ ವಾರದಲ್ಲಿ ಅವನು ಮಿಡಿಗೇಶಿ ಬೆಟ್ಟದ ಹಿಂಬದಿಯ ಕುರಿಗಾಹಿಗಳ ಹಟ್ಟಿಯೊಂದಕ್ಕೆ ಹೋಗಿದ್ದ. ಕರೆಸಿದವನು ಜಯರಾಮು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಅಪ್ಪ, ಅವ್ವ, ಹೆಂಡತಿ, ಮಗುವಿನ ಜೊತೆ ಒಟ್ಟಿಗೆ ನಿಂತ ಫೋಟೊ ಅವನ ಬಳಿ ಇರಲಿಲ್ಲ. ಹಿನ್ನೆಲೆಯಲ್ಲಿ ಬೆಟ್ಟವೂ ಬೇಕು, ತಮ್ಮ ಕುರಿಮಂದೆಯೂ ಬೇಕು ಎಂದ. ಅವನ ಅಪ್ಪ ಕ್ಯಾತಣ್ಣನಿಗೆ ಯುಗಾದಿಗೆ ಮುಂಚೆ ಕಣ್ಣಿನ ಪೊರೆ ತೆಗೆದಿದ್ದರು. ಧೂಳಿಗೆ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಮುದುಕ ಕಪ್ಪು ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಂದೆಗೆ ಬೆನ್ನು ಹಾಕಿ ಕುಳಿತ. ಹೆಂಡತಿ ನಾಗಕ್ಕ ಪಕ್ಕದಲ್ಲಿ ನಿಂತಳು. ನಗಿ ಎಂದಾಗ ಯಾಕೆ ಎಂದು ಕೇಳಿದಳು. ಸಂಜೆ ಐದೂವರೆಯಿಂದ ಆರೂಕಾಲರವರೆಗೆ ನೂರಾ ನಲವತ್ತು ಫೋಟೊ ಆದವು.

ಅವುಗಳಲ್ಲಿ ಒಂದನ್ನು ಜಯರಾಮು ಮೇ ಮೂರನೇ ವಾರ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ. ಬೆಟ್ಟದ ಬುಡ ಹಸಿರಾಗಿ ಹಾಸಿಕೊಂಡಿತ್ತು. ಮನೆಯವರೆಲ್ಲ ಚೆನ್ನಾಗಿ ಬಂದಿದ್ದರು. ಹಿಂದೆ ನಿಂತ ಕುರಿಗಳಲ್ಲಿ ಐದರ, ಗುರುತು ಬಳಿಯುವ ಬಲತೊಡೆ ಕ್ಯಾಮೆರಾ ಕಡೆಗಿತ್ತು. ಐದರ ಮೇಲೂ ಹಸಿರು ಬಣ್ಣದ ಪಟ್ಟೆ ಇತ್ತು.

ಕ್ಯಾತಣ್ಣನ ಮಂದೆಯ ಗುರುತು ಹಳದಿ ಪಟ್ಟೆ. ಹಸಿರು ಪಟ್ಟೆ ಪಕ್ಕದ ಹಟ್ಟಿಯ ದೊಡ್ಡಹನುಮಯ್ಯನದು. ಕಿವಿ ಕತ್ತರಿಸಿ ಗುರುತು ಮಾಡುವ ಪದ್ಧತಿ ಈ ಎರಡು ಹಟ್ಟಿಗಳಲ್ಲೂ ಇಲ್ಲ, ಬಣ್ಣವೇ ಗುರುತು. ಯುಗಾದಿಯ ಆಸುಪಾಸಿನಲ್ಲಿ ದೊಡ್ಡಹನುಮಯ್ಯನ ನಾಲ್ಕು ಕುರಿ ಕಾಣೆಯಾಗಿದ್ದವು.

ಮೂರನೇ ದಿನ ಜಯರಾಮುವಿನ ಫೋನು ಬಂತು.

"ಸಾರ್, ನೀವು ಬರ್ಲೇಬೇಕು. ನಮ್ಮಪ್ಪನ್ನ ಕಳ್ಳ ಅಂತವ್ರೆ."

ವಿಷಯ ಕೇಳಿದ ಮೇಲೆ ಪ್ರಸನ್ನಕುಮಾರ್ ಇದು ಐದು ನಿಮಿಷದ ಕೆಲಸ ಎಂದುಕೊಂಡ. ಈಗಲೇ ಹೋಗಿ ಕುರಿಗಳನ್ನು ನೋಡಿದರೆ ಮುಗಿಯಿತಲ್ಲ ಎಂದ. ಮುಗಿಯುವುದಿಲ್ಲವೆಂದು ಜಯರಾಮು ವಿವರಿಸಿದ. ಮೇ ಮೊದಲ ವಾರ ಕುರಿಗಳ ಮೈಮೇಲಿನ ತುಪ್ಪಟ ಕತ್ತರಿಸಿಯಾಗಿದೆ. ತುಪ್ಪಟದ ಜೊತೆ ಹಳೆಯ ಬಣ್ಣವೂ ಹೋಗಿದೆ. ಕತ್ತರಿಸಲು ಬಂದವರೇ ಎಲ್ಲಕ್ಕೂ ಹೊಸದಾಗಿ ಹಳದಿ ಬಳಿದು ಹೋಗಿದ್ದಾರೆ. ನಮ್ಮ ಕುರಿ ಕದ್ದು, ತುಪ್ಪಟ ಕತ್ತರಿಸಿ, ನಿಮ್ಮ ಬಣ್ಣ ಹಾಕಿಕೊಂಡಿದ್ದೀರಿ ಎಂಬುದೇ ದೊಡ್ಡಹನುಮಯ್ಯನ ದೂರು. ಮುಖ ಗುರುತು ಹಿಡಿಯುತ್ತೇನೆ ಎಂದರೆ ಒಬ್ಬನ ಮಾತಿಗೆ ಇನ್ನೊಬ್ಬನ ಮಾತು, ಹಟ್ಟಿ ಒಪ್ಪುವುದಿಲ್ಲ. ಅವನ ಪ್ರಕಾರ ಹಳೆಯ ಬಣ್ಣಕ್ಕೆ ಉಳಿದಿರುವ ಸಾಕ್ಷಿ ಫೋಟೊ ಒಂದೇ.

ನಾಲ್ಕು ಕುರಿ ಕೊಟ್ಟುಬಿಡುವುದು ದೊಡ್ಡ ಮಾತಲ್ಲ. ಆದರೆ ಕದ್ದವನ ಮಂದೆ ಎಂದಾದರೆ ಮುಂದೆ ಯಾವ ರೈತನೂ ಗೊಬ್ಬರಕ್ಕಾಗಿ ತನ್ನ ಹೊಲದಲ್ಲಿ ಆ ಕುರಿಗಳನ್ನು ನಿಲ್ಲಿಸಿಕೊಳ್ಳುವುದಿಲ್ಲ. ಅವರ ಜೊತೆ ಕುರಿ ಹೊಡೆದುಕೊಂಡು ಹೋಗಲು ಯಾರೂ ಬರುವುದಿಲ್ಲ. ಮನೆಯ ಹೆಣ್ಣು ಗಂಡಿನ ಮದುವೆಯ ಮಾತು ಬಂದಾಗ ಇದೂ ಬರುತ್ತದೆ. ಕ್ಯಾತಣ್ಣನಿಗೆ ಅರವತ್ತೆಂಟು ವರ್ಷ. ಅವನ ಮೇಲೆ ಇಂಥ ಮಾತು ಬಂದದ್ದು ಇದೇ ಮೊದಲು.

ಹಟ್ಟಿಯ ಯಜಮಾನ ಸಣ್ಣರಂಗಯ್ಯನ ಮನೆ ಮುಂದಿನ ಬೇವಿನ ಮರದ ಕೆಳಗೆ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಸೇರಿದರು. ದೊಡ್ಡಹನುಮಯ್ಯ ನಾಗಕ್ಕನಿಗೆ ಅಣ್ಣನ ವರಸೆ. ಹಾಗಾಗಿ ಆಪಾದನೆಯನ್ನೂ ಕ್ಯಾತಣ್ಣನನ್ನು ಭಾವ ಎಂದೇ ಕರೆದು ಮಾಡಿದ. ತಾನು ಸುಳ್ಳು ಹೇಳುವವನಲ್ಲ, ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದ್ದೇನೆ, ಹಸಿರು ಪಟ್ಟೆಯವು ಐದಿವೆ, ತಾನು ಕೇಳುತ್ತಿರುವುದು ನಾಲ್ಕನ್ನು ಮಾತ್ರ ಎಂದ.

ಕ್ಯಾತಣ್ಣ ಹೆಚ್ಚು ಮಾತಾಡಲಿಲ್ಲ. ತಾನು ಎರಡು ತಿಂಗಳಿಂದ ಮಂದೆಯ ಹತ್ತಿರ ಹೋಗಿಲ್ಲ, ಫೋಟೊ ತೆಗೆದ ದಿನ ಬಿಟ್ಟರೆ ಅದು ಬೇರೆಯವರ ಹೊಲಗಳಲ್ಲಿ ಬೀಡುಬಿಟ್ಟಿತ್ತು, ನಿನ್ನೆಯಷ್ಟೇ ಹಟ್ಟಿಗೆ ಬಂದಿದೆ, ಮಗನ ಮಾತೇ ತನ್ನ ಮಾತು ಎಂದ. ನಮ್ಮವೇ ಕುರಿ ಎಂದು ಜಯರಾಮು ಹೇಳಿದ.

ಪ್ರಸನ್ನಕುಮಾರ್ ಲ್ಯಾಪ್‌ಟಾಪ್ ತೆರೆದು ತನ್ನ ಕಸುಬನ್ನು ಒಪ್ಪಿಕೊಂಡ. ಹುಲ್ಲು ಒಣಗಿತ್ತು, ಹಸಿರು ಮಾಡಿದವನು ನಾನು, ಹಳದಿ ಪಟ್ಟೆಯೂ ಅದರ ಜೊತೆ ಹಸಿರಾಗಿದೆ ಎಂದ. ಮಾತು ಸಾಲದೆಂದು ಗುಂಡಿ ಎಳೆದೂ ತೋರಿಸಿದ. ಮುಂದಿದ್ದ ಕುರಿಗಳ ತೊಡೆ ಹಸಿರಿನಿಂದ ಹಳದಿಯಾಯಿತು, ಹಳದಿಯಿಂದ ಕಿತ್ತಳೆಯಾಯಿತು, ಮತ್ತೆ ಹಸಿರಾಯಿತು. ಸೇರಿದ್ದವರು ಬಗ್ಗಿ ನೋಡಿದರು. ಇನ್ನೊಮ್ಮೆ ಮಾಡಿ ಎಂದರು. ಅವನು ಇನ್ನೊಮ್ಮೆ ಮಾಡಿದ.

ಸಣ್ಣರಂಗಯ್ಯ ಎಲ್ಲವನ್ನೂ ನೋಡಿ ಕೇಳಿದ.

"ಅಲ್ಲ ಸಾಮಿ, ಯಾವ ಬಣ್ಣ ಬೇಕಾದ್ರೂ ಮಾಡ್ತೀರಲ್ಲ. ಇದ್ರಲ್ಲಿ ದೇವ್ರು ಮಾಡಿದ ಬಣ್ಣ ಯಾವ್ದು ಅಂತ ನಾವು ಹೆಂಗೆ ನಂಬಾದು?"

ಮೂಲ ಫೈಲು ಬೇರೆಯೇ ಇದೆ, ಅದನ್ನು ಬದಲಾಯಿಸಲು ಬರುವುದಿಲ್ಲ ಎಂದು ಪ್ರಸನ್ನಕುಮಾರ್ ಹೇಳಿದ. ಅದನ್ನು ನಿನ್ನೆ ರಾತ್ರಿ ಮಾಡಿಕೊಂಡು ಬಂದಿರಬಹುದಲ್ಲ ಎಂದ ದೊಡ್ಡಹನುಮಯ್ಯ. ಅದನ್ನೂ ತೆರೆದು ತೋರಿಸಿದಾಗ ಮರದ ಸಂದಿನ ಬಿಸಿಲು ಪರದೆಯ ಮೇಲೆ ಬಿದ್ದು ಅರ್ಧ ಕಾಣಲಿಲ್ಲ. ಕಂಡ ಅರ್ಧವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಎಷ್ಟು ಚೆನ್ನಾಗಿ ವಿವರಿಸಿದನೋ ಅಷ್ಟರಮಟ್ಟಿಗೆ ಅವನ ಸಾಕ್ಷ್ಯ ಕೆಟ್ಟಿತು.

ಆಗ ಮಾತಾಡಿದವಳು ನಾಗಕ್ಕ. ಅವಳು ಹೆಂಗಸರ ಜೊತೆ ಜಗಲಿಯ ಅಂಚಿನಲ್ಲಿ ಕುಳಿತಿದ್ದಳು. ಏಳಲಿಲ್ಲ.

"ಅಣ್ಣಯ್ಯ, ನಿಂದು ಕಳೆದಿದ್ದು ಎಷ್ಟು?"

"ನಾಕು ಕಣಮ್ಮ. ಎಷ್ಟು ಸಲ ಹೇಳಾದು?"

"ಪೋಟೊದಾಗೆ ಹಸ್ರು ಇರಾವು?"

"ಐದು."

"ಹಸ್ರು ಅಂದ್ರೆ ನಿಂದು. ಅಂಗಾದ್ರೆ ಐದನೇದು ಯಾರ್ದು?"

ದೊಡ್ಡಹನುಮಯ್ಯನ ಮುಂದೆ ಎರಡು ದಾರಿ ಇದ್ದವು. ಕಳೆದದ್ದು ಐದು, ತಾನು ನಾಲ್ಕೆಂದು ತಿಳಿದಿದ್ದೆ ಎನ್ನಬಹುದು. ಆದರೆ ತನ್ನ ಮಂದೆಯ ಲೆಕ್ಕ ತನಗೇ ಗೊತ್ತಿಲ್ಲ ಎಂದು ಒಪ್ಪುವ ಕುರಿಗಾಹಿಯನ್ನು ಆ ಸೀಮೆ ನೋಡಿಲ್ಲ. ಇಲ್ಲವೇ ಐದನೆಯದು ತನ್ನದಲ್ಲ ಎನ್ನಬಹುದು. ಹಾಗೆಂದರೆ ಹಸಿರು ಕಂಡದ್ದೆಲ್ಲ ಹಸಿರಲ್ಲ ಎಂದಾಗುತ್ತದೆ.

"ನನ್ ಲೆಕ್ಕ ತಪ್ಪಲ್ಲ," ಎಂದ ಕೊನೆಗೆ.

"ಅಂಗಾದ್ರೆ ಪೋಟೊ ತಪ್ಪು," ಎಂದ ಸಣ್ಣರಂಗಯ್ಯ. ಸಭೆ ಮುಗಿಯಿತು. ಬೇಸಿಗೆಯಲ್ಲಿ ಬೆಟ್ಟದ ಬುಡಕ್ಕೆ ಹಸಿರು ಬಳಿಯುವ ಅಧಿಕಾರ ಯಾರಿಗೂ ಇಲ್ಲವೆಂದೂ, ಫೋಟೊದವರು ಇದ್ದದ್ದು ಇದ್ದಂತೆ ಇನ್ನೊಂದು ಮಾಡಿಕೊಡಬೇಕೆಂದೂ, ಜಯರಾಮು ಅದನ್ನೇ ಮತ್ತೆ ಸ್ಟೇಟಸ್‌ಗೆ ಹಾಕಬೇಕೆಂದೂ ತೀರ್ಮಾನವಾಯಿತು. ದೊಡ್ಡಹನುಮಯ್ಯ ಭಾವನ ಕಡೆ ನೋಡದೆ ಎದ್ದು ಹೋದ.

ಮರುದಿನ ಬೆಳಿಗ್ಗೆ ಪ್ರಸನ್ನಕುಮಾರ್ ಸ್ಟುಡಿಯೊದಲ್ಲಿ ಮೂಲ ಫೈಲನ್ನು ದೊಡ್ಡ ಪರದೆಯ ಮೇಲೆ ತೆರೆದ. ಆರು ವರ್ಷಗಳಲ್ಲಿ ಮೊದಲ ಒಣಹುಲ್ಲು. ಪ್ರಿಂಟಿಗೆ ಕಳಿಸುವ ಮುನ್ನ ಎಲ್ಲ ಮೂಲೆಗಳನ್ನೂ ನೂರಕ್ಕೆ ನೂರು ಹಿಗ್ಗಿಸಿ ನೋಡುವುದು ಅವನ ಅಭ್ಯಾಸ. ಹುಲ್ಲು ಹಳದಿ. ನಾಗಕ್ಕನ ಕೆನ್ನೆ ಹಳದಿ. ಮುಂದಿನ ನಾಲ್ಕು ಕುರಿಗಳ ಪಟ್ಟೆ ಹಳದಿ. ಹಿಂದೆ, ಬಂಡೆಯ ಮರೆಯಿಂದ ಹಿಂಭಾಗ ಮಾತ್ರ ತೋರುತ್ತಿದ್ದ ಐದನೆಯ ಕುರಿಯ ಪಟ್ಟೆ ಹಸಿರು.

ಎಲ್ಲ ಗುಂಡಿಗಳೂ ಸೊನ್ನೆಯಲ್ಲಿವೆಯೇ ಎಂದು ನೋಡಿದ. ಇದ್ದವು. ಮುಂದಿನ ಚಿತ್ರ ನೋಡಿದ. ಅದರಲ್ಲೂ ಹಸಿರು. ಮೂರು ಚಿತ್ರ ಬಿಟ್ಟು ಆ ಕುರಿ ಬಂಡೆಯ ಹಿಂದೆ ಸರಿದಿತ್ತು.

ಆ ಒಂದು ಚುಕ್ಕೆಯನ್ನು ಹಳದಿ ಮಾಡುವುದು ಎರಡು ಸೆಕೆಂಡಿನ ಕೆಲಸ. ಪ್ರಸನ್ನಕುಮಾರ್ ಅದನ್ನು ಮಾಡಿದ, ನೋಡಿದ, ಮತ್ತೆ ತೆಗೆದ. ಮಧ್ಯಾಹ್ನ ಊಟ ಮಾಡಿದ. ಪಾಸ್‌ಪೋರ್ಟ್ ಸೈಜಿನ ಫೋಟೊಗೆ ಬಂದ ಇಬ್ಬರನ್ನು ಕಳಿಸಿದ. ಮೂರು ಗಂಟೆಗೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬೈಕು ಹತ್ತಿದ.

ಕ್ಯಾತಣ್ಣನ ಮನೆಯಲ್ಲಿ ಅಪ್ಪ, ಅವ್ವ, ಮಗ ಮೂವರೂ ಇದ್ದರು. ಬಿಸಿಲು ಬೀಳದ ಒಳಕೋಣೆಯಲ್ಲಿ ಪರದೆ ತೋರಿಸಿದ. ಮೊದಲು ಅರ್ಥವಾದದ್ದು ಜಯರಾಮುವಿಗೆ. ಅವನ ಮುಖ ನೋಡಿ ಅವ್ವನಿಗೆ ಅರ್ಥವಾಯಿತು.

"ಲೇ, ದಿನಾ ಎಣಿಸ್ತಿದ್ದೇನ್ಲಾ?" ಎಂದಳು ನಾಗಕ್ಕ.

ಎಣಿಸುತ್ತಿದ್ದೆ ಎಂದ ಅವನು. ಕಡಿಮೆಯಾಗಿದೆಯಾ ಎಂದು ನೋಡುತ್ತಿದ್ದ. ಕಡಿಮೆಯಾಗಿರಲಿಲ್ಲ.

"ಒಂದು ಜಾಸ್ತಿ ಆದ್ರೆ ಯಾರು ನೋಡ್ತಾರವ್ವ?"

ನಿನ್ನೆ ಬೇವಿನ ಮರದ ಕೆಳಗೆ ಅವಳು ಅಣ್ಣಯ್ಯನಿಗೆ ಏನನ್ನು ಕೇಳಿದ್ದಳೋ ಅದು ಈಗ ಅವಳ ಮನೆಯೊಳಗೇ ಕುಳಿತಿತ್ತು. ಜಯರಾಮು ಪ್ರಸನ್ನಕುಮಾರನ ಕಡೆ ತಿರುಗಿ, ಸಾರ್, ಇದೊಂದನ್ನು ಹಳದಿ ಮಾಡಿಬಿಡಿ, ಹೇಗೂ ತೀರ್ಮಾನ ಆಗಿದೆ ಎಂದ. ನಾಗಕ್ಕ ಬೇಡ ಎನ್ನಲಿಲ್ಲ. ಕೊಟ್ಟರೆ ಕಳ್ಳರು ಎಂದೇ ಆಗುತ್ತದೆ, ಹೆದರಿಕೊಂಡು ತಂದುಕೊಟ್ಟರು ಎನ್ನುತ್ತಾರೆ ಎಂದು ಗೋಡೆಗೆ ಹೇಳುವ ಹಾಗೆ ಹೇಳಿದಳು.

ಕ್ಯಾತಣ್ಣ ಕಪ್ಪು ಕನ್ನಡಕ ತೆಗೆದು ಪರದೆಗೆ ಮುಖ ಹತ್ತಿರ ತಂದ.

"ಕುರಿ ಮಕ ಕಾಣಲ್ವಾ ಸಾಮಿ?"

ಕಾಣುವುದಿಲ್ಲ ಎಂದ ಪ್ರಸನ್ನಕುಮಾರ್. ಮುದುಕ ಎದ್ದು, ಡಾಕ್ಟರು ಹೇಳಿದ್ದನ್ನು ಹೆಂಡತಿ ನೆನಪಿಸುತ್ತಿದ್ದರೂ ಕೇಳದೆ, ಕುರಿ ರೊಪ್ಪದ ಬಾಗಿಲಲ್ಲಿ ಕಲ್ಲಿನ ಮೇಲೆ ಕುಳಿತ. ಒಂದೊಂದಾಗಿ ಬಿಡು ಎಂದು ಮಗನಿಗೆ ಹೇಳಿದ. ಎಲ್ಲದರ ತೊಡೆಯ ಮೇಲೂ ಹೊಸ ಹಳದಿ ಒಂದೇ ಅಳತೆಯಲ್ಲಿತ್ತು. ಅವನು ತೊಡೆ ನೋಡಲಿಲ್ಲ. ಮುಖ ನೋಡಿ, ಬೆನ್ನು ಸವರಿ ಮುಂದಕ್ಕೆ ಕಳಿಸಿದ. ಮೂವತ್ತು, ನಲವತ್ತು, ಐವತ್ತು ದಾಟಿದವು. ಐವತ್ತಮೂರನೆಯದರ ಗದ್ದ ಹಿಡಿದು ನಿಲ್ಲಿಸಿದ.

"ಇದ್ಯಾರು?" ಎಂದ.

ಉಳಿದವನ್ನೂ ಬಿಡಿಸಿ ನೋಡಿದ. ಮಿಕ್ಕ ಎಲ್ಲವೂ ಅವನಿಗೆ ಗೊತ್ತಿದ್ದವು. ಆ ಒಂದಕ್ಕೆ ಹಗ್ಗ ಹಾಕಿದ. ಬೆಳಿಗ್ಗೆ ಹೋಗೋಣ ಅಪ್ಪ ಎಂದು ಜಯರಾಮು ಹೇಳಿದಾಗ, ಬೆಳಿಗ್ಗೆವರೆಗೆ ಇಟ್ಟುಕೊಂಡರೆ ಇದು ಇನ್ನೊಂದು ದಿನದ ಕಳ್ಳತನ ಎಂದ. ಆಮೇಲೆ ಪ್ರಸನ್ನಕುಮಾರನಿಗೆ ಹೇಳಿದ: "ನೀವೂ ಬನ್ನಿ ಸಾಮಿ. ಬಣ್ಣದ್ ಮಾತು ಬಂದ್ರೆ ನಂಗೆ ಹೇಳಕ್ಕೆ ಬರಲ್ಲ."

ದೊಡ್ಡಹನುಮಯ್ಯನ ಹಟ್ಟಿ ಒಂದೂವರೆ ಕಿಲೋಮೀಟರು. ಪ್ರಸನ್ನಕುಮಾರ್ ಬೈಕನ್ನು ತಳ್ಳಿಕೊಂಡು ಮುದುಕನ ಜೊತೆ ನಡೆದ. ದಾರಿಯಲ್ಲಿ ಎದುರಾದವರು ಕುರಿಯನ್ನೂ ಹಗ್ಗವನ್ನೂ ನೋಡಿ ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿ ಎಂದು ಪ್ರಸನ್ನಕುಮಾರನಿಗೆ ಅನ್ನಿಸಿತು.

ದೊಡ್ಡಹನುಮಯ್ಯ ಅಂಗಳದಲ್ಲಿ ಚಾಪೆ ಹಾಕಿಕೊಂಡು ಕುಳಿತಿದ್ದ. ಕ್ಯಾತಣ್ಣ ಹಗ್ಗವನ್ನು ಅವನ ಕೈಗೆ ಕೊಟ್ಟು, ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ಐದನೆಯದು ನಿನ್ನದು, ಮಗ ನೋಡಿರಲಿಲ್ಲ, ನಾನು ಇವತ್ತು ನೋಡಿದೆ. ದೊಡ್ಡಹನುಮಯ್ಯ ಕುರಿಯ ಮುಖ ನೋಡಿದ. ತೊಡೆಯ ಹಳದಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಬಿಟ್ಟಾಗ ಅದು ಯಾರೂ ಹೊಡೆಯದೆಯೇ ಅವನ ರೊಪ್ಪದೊಳಕ್ಕೆ ಹೋಯಿತು.

ಅವನು ಒಳಗಿನಿಂದ ನೀರು ತರಿಸಿ ಕೊಟ್ಟ. ಕ್ಯಾತಣ್ಣ ಕುಡಿಯುವವರೆಗೆ ಕಾದ.

"ಮಿಕ್ಕ ಮೂರು, ಭಾವ?"

"ಗೊತ್ತಿಲ್ಲ."

"ಇದೂ ನಿನ್ನೆ ಗೊತ್ತಿರ್ಲಿಲ್ಲ."

ಅದು ನಿಜವಾಗಿತ್ತು. ಕ್ಯಾತಣ್ಣ ಲೋಟ ಕೆಳಗಿಟ್ಟ. ದೊಡ್ಡಹನುಮಯ್ಯ ಪ್ರಸನ್ನಕುಮಾರನ ಹೆಗಲಿನ ಚೀಲ ನೋಡಿ, ಅವತ್ತು ಒಟ್ಟು ಎಷ್ಟು ಫೋಟೊ ಹೊಡೆದಿರಿ ಎಂದು ಕೇಳಿದ. ನೂರಾ ನಲವತ್ತು ಎಂದ ಪ್ರಸನ್ನಕುಮಾರ್. ಬಣ್ಣ ಹಾಕದೇ ಇರುವವು ಎಲ್ಲ ಇವೆಯಾ? ಇವೆ ಎಂದ.

"ಒಂದೂ ಬುಡ್ದಂಗೆ ತೋರ್ಸಿ ಸಾಮಿ," ಎಂದವನು ಕ್ಯಾತಣ್ಣ. "ನಾನೂ ನೋಡ್ಬೇಕು."

ದೊಡ್ಡಹನುಮಯ್ಯ ಅವನನ್ನೊಮ್ಮೆ ನೋಡಿ, ಚಾಪೆಯ ಮೇಲೆ ಸರಿದು ಜಾಗ ಬಿಟ್ಟ. ಪ್ರಸನ್ನಕುಮಾರ್ ಮೊದಲ ಚಿತ್ರ ತೆರೆದ. ಅದರಲ್ಲಿ ನಾಗಕ್ಕ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಮಗು ಅಳುತ್ತಿತ್ತು, ಜಯರಾಮು ಕೂದಲು ತೀಡಿಕೊಳ್ಳುತ್ತಿದ್ದ. ಮುದುಕರಿಬ್ಬರೂ ಅವರ ಕಾಲುಗಳ ಸಂದಿನಿಂದ ಹಿಂದಿನ ಕುರಿಗಳನ್ನು ನೋಡಿದರು. ಮುಂದಿನದು ಎಂದ ದೊಡ್ಡಹನುಮಯ್ಯ. ತಾಳು, ಇನ್ನೂ ನೋಡಿಲ್ಲ ಎಂದ ಕ್ಯಾತಣ್ಣ.