ನಗಲೊಲ್ಲದ ಹಕ್ಕಿ

ನಮ್ಮ ಶಾಲೆಯ ಹೆಡ್‌ಮಾಸ್ಟರ್ ಡೆನಿಸ್ ಕೆಟ್ಟ ಮನುಷ್ಯನಲ್ಲ. ಅದೇ ನನ್ನ ಕಷ್ಟ. ಕೆಟ್ಟವನಾಗಿದ್ದರೆ ಒಂದು ದಿನ ಚೆನ್ನಾಗಿ ಜಗಳವಾಡಿ ಹಗುರಾಗಿಬಿಡುತ್ತಿದ್ದೆ. ಅವನು ಎಲ್ಲರಿಗಿಂತ ಮುಂಚೆ ಬಂದು ಮಕ್ಕಳಿಗೆ ಬ್ರೆಡ್ ಸುಡುತ್ತಾನೆ, ಚಳಿಯಲ್ಲಿ ಬರಿಗಾಲಲ್ಲಿ ಬಂದವರಿಗೆ ತನ್ನ ಕಾರಿನಿಂದ ಕಾಲುಚೀಲ ತೆಗೆದು ಕೊಡುತ್ತಾನೆ. ಆಮೇಲೆ ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತು, "ರೀಪೆಕಾ, ಆ ಕಥೆ ಗಂಟೆ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು" ಅನ್ನುತ್ತಾನೆ.

ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಮಾಂಸದ ಕಾರ್ಖಾನೆ ಮುಚ್ಚಿದ ಮೇಲೆ ನಮ್ಮೂರಲ್ಲಿ ಉಳಿದದ್ದು ನದಿ, ಹೆಂಡದಂಗಡಿ ಮತ್ತು ನಾವು. ನಮ್ಮ ಮಕ್ಕಳು ಓದಿನಲ್ಲಿ ಹಿಂದೆ ಎಂದು ಪ್ರತಿ ವರ್ಷ ಯಾರಾದರೂ ನಗರದಿಂದ ಬಂದು ಅಳೆದು ಹೇಳಿ ಹೋಗುತ್ತಾರೆ. ಅಳೆದ ಮಾತ್ರಕ್ಕೆ ಮಗು ಎತ್ತರವಾಗುತ್ತದೆಯೇ? ಕೇಳಿದರೆ ಸಿಡುಕಿ ಅನ್ನುತ್ತಾರೆ. ಸಿಡುಕಿಯೇ ಇರಲಿ.

ನಾನು ಮಾಡಿದ್ದು ಇಷ್ಟೆ. ದಿನಕ್ಕೊಂದು ಗಂಟೆ ಪುಸ್ತಕ ಮುಚ್ಚಿಟ್ಟು ನಮ್ಮ ಮಾವೊರಿ ಹಿರಿಯರ ಕಥೆ ಹೇಳಿದೆ. ನಮ್ಮ ಪುರಾಣದ ವೀರ ಮಾವುಯಿ ಸೂರ್ಯನಿಗೆ ಉರುಳು ಹಾಕಿ ಹಿಡಿದದ್ದು, ಅಜ್ಜಿಯ ದವಡೆ ಮೂಳೆಯನ್ನೇ ಗಾಳ ಮಾಡಿ ಈ ನೆಲವನ್ನು ಸಮುದ್ರದಿಂದ ಮೇಲಕ್ಕೆಳೆದದ್ದು. ಎಲ್ಲವನ್ನೂ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಮುಂದಿನದು ಬೇಕಾದವರು ನಾಳೆ ಬರಲಿ.

ಮಿರಿಯಾಮಾ ಶಾಲೆಗೆ ಬರತೊಡಗಿದ್ದು ಹಾಗೆ. ಒಂಬತ್ತು ವರ್ಷದ ಹುಡುಗಿ. ಅವಳ ಕುರ್ಚಿ ಖಾಲಿಯಿರುವುದೇ ನಮಗೆಲ್ಲ ರೂಢಿಯಾಗಿತ್ತು. ಅವಳ ಅಜ್ಜ, ಅವಳ ಕೋರೊ, ಉಸಿರಿನ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಅಜ್ಜಿ ಕೆಲಸಕ್ಕೆ ಹೋದಾಗ ಅವರ ಪಕ್ಕ ಕೂರುವವಳು ಇವಳೇ. ಕಥೆಗೋಸ್ಕರ ಬಂದವಳು ಸಂಜೆ ಅದನ್ನು ಕೋರೊಗೆ ಒಪ್ಪಿಸಿ, ಮಾರನೆಯ ದಿನ ಅವರ ತಕರಾರು ಹೊತ್ತು ತರುತ್ತಿದ್ದಳು.

"ಮಿಸ್, ನಿಮಗೆ ಹಗ್ಗದ ಗಂಧನೇ ಇಲ್ವಂತೆ. ಸೂರ್ಯನಿಗೆ ಹಾಕಿದ್ದು ಅಗಸೆ ನಾರಿನ ಹಗ್ಗ. ನೀವು ಹೇಳಿದ್ದು ಅಂಗಡಿ ಹಗ್ಗದ ತರ ಇತ್ತಂತೆ."

"ನಿಮ್ಮ ಕೋರೊಗೆ ಹೇಳು, ಅಷ್ಟು ಗೊತ್ತಿದ್ರೆ ಬಂದು ಅವರೇ ಪಾಠ ಮಾಡ್ಲಿ."

ಆಗ ಅವಳು ನಗುತ್ತಿದ್ದಳು. ಮೊದಲು ಮೂಗಲ್ಲಿ ಪುಸಕ್ ಎಂದು ಶುರುವಾಗಿ, ಆಮೇಲೆ ಹಿಡಿತಕ್ಕೆ ಸಿಗದೆ ಇಡೀ ಕ್ಲಾಸಿಗೆ ಹಬ್ಬುವ ನಗು. ಅವಳು ನಕ್ಕರೆ ಪಕ್ಕದ ಕ್ಲಾಸಿನ ಟೀಚರ್ ಗೋಡೆ ಬಡಿಯುತ್ತಿದ್ದಳು.

ಹೀಗಿರುವಾಗ ನಗರದಿಂದ ಮೆರೆಯಾನಾ ಎಂಬ ಸಲಹೆಗಾರ್ತಿ ಬಂದಳು. ನಮ್ಮವಳೇ, ಮಾವೊರಿ ಹೆಣ್ಣುಮಗಳು. ನನಗೆ ಇನ್ನೂ ಉರಿದದ್ದು ಅದಕ್ಕೇ. ಮಕ್ಕಳ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಟ್ಯಾಬ್ ಮುಂದೆ ಕೂರಿಸಿ ಓದಿಸುವ ಯೋಜನೆ ಅವಳದು. ಅದಕ್ಕೆ ದಿನಕ್ಕೊಂದು ಗಂಟೆ ಬೇಕು. ಯಾವ ಗಂಟೆ ಎಂದು ಬೇರೆ ಹೇಳಬೇಕೇ! ಡೆನಿಸ್ ನಡುವೆ ಬಂದು ಒಪ್ಪಂದ ಮಾಡಿಸಿದ. ಶುಕ್ರವಾರ ಅವಳು ಕಥೆ ಗಂಟೆ ನೋಡುವುದು; ಮಕ್ಕಳು ಕಥೆಯನ್ನು ಕ್ರಮವಾಗಿ, ಸರಿಯಾದ ಕೊನೆಯೊಂದಿಗೆ ಒಪ್ಪಿಸಿದರೆ ಗಂಟೆ ಉಳಿಯುತ್ತದೆ. ಗಂಟೆ ಹೋದರೆ ಮಿರಿಯಾಮಾಳ ಕುರ್ಚಿ ಮತ್ತೆ ಖಾಲಿ. ಇದು ನನಗೆ ಗೊತ್ತಿತ್ತು, ಡೆನಿಸ್‌ಗೂ ಗೊತ್ತಿತ್ತು.

ಮಾವುಯಿಯ ಕಡೆಯ ಸಾಹಸವನ್ನು ಆರಿಸಿದೆ. ಮನುಷ್ಯರಿಗೆ ಸಾವೇ ಇರಬಾರದೆಂದು ಅವನು ಸಾವಿನ ಒಡತಿಯ ಬಳಿಗೆ, ಇರುಳಿನ ದೊಡ್ಡಮ್ಮ ಹಿನೆ ನುಯಿಯ ಬಳಿಗೆ ಹೋಗುತ್ತಾನೆ. ಅವಳು ನಿದ್ದೆಯಲ್ಲಿರುವಾಗ ಮೈಯೊಳಗೆ ತೆವಳಿ ಬಾಯಿಂದ ಹೊರಗೆ ಬಂದರೆ ಸಾವು ಸತ್ತಂತೆ. ಜೊತೆಗೆ ಬಂದ ಹಕ್ಕಿಗಳಿಗೆ ಅವನದು ಒಂದೇ ಮಾತು: "ನಾನು ಹೊರಗೆ ಬರೋವರೆಗೂ ನಗಬೇಡಿ. ಬಂದ ಮೇಲೆ ಹೊಟ್ಟೆ ತುಂಬ ನಗಿ." ಆದರೆ ಬೀಸಣಿಗೆ ಬಾಲದ ಪುಟ್ಟ ಹಕ್ಕಿಗೆ ತಡೆಯಲಾಗುವುದಿಲ್ಲ. ನಕ್ಕುಬಿಡುತ್ತದೆ. ದೊಡ್ಡಮ್ಮ ಎಚ್ಚರಾಗುತ್ತಾಳೆ, ಮಾವುಯಿ ಒಳಗೇ ನಜ್ಜುಗುಜ್ಜಾಗುತ್ತಾನೆ, ನಾವೆಲ್ಲ ಸಾಯುವವರಾಗುತ್ತೇವೆ.

ಆ ಹಕ್ಕಿಯ ಪಾತ್ರ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಇಡೀ ಕ್ಲಾಸು ಮಿರಿಯಾಮಾಳತ್ತ ತಿರುಗಿತು. ಮಾವುಯಿ ಆದವನು ತಾಮಾತಿ, ರಗ್ಬಿ ಹುಚ್ಚಿನ ಗುಂಡು ಹುಡುಗ.

"ಮಿಸ್, ಮಾವುಯಿ ಒಳಗೆ ಹೋಗಿದ್ದು ಎಲ್ಲಿಂದ ಅಂತ ನಮ್ಮ ಮಾಮ ಹೇಳ್ದ. ಹೇಳ್ಲಾ?"

"ನಿಮ್ಮ ಮಾಮನ ಬಾಯಿಗೆ ಬೀಗ ಹಾಕು. ನೀನು ಹೋಗೋದು ಕಾಲ ಕಡೆಯಿಂದ, ಅಷ್ಟೇ."

ಗುರುವಾರ ಮಿರಿಯಾಮಾಳ ಕೋರೊ ಅವರನ್ನು ನಗರದ ದೊಡ್ಡಾಸ್ಪತ್ರೆಗೆ ಸೇರಿಸಿದರು. ಶುಕ್ರವಾರ ಅವಳು ಬರುವುದಿಲ್ಲವೆಂದೇ ತಿಳಿದಿದ್ದೆ. ಬಂದಳು. ಸದ್ಯ, ಎಂದು ಉಸಿರು ಬಿಟ್ಟೆ.

ನಮ್ಮ ಸಭಾಮನೆಯಿಂದ ಹಾಸಿಗೆ ದಿಂಬುಗಳನ್ನು ತಂದು ಮಕ್ಕಳೇ ದೊಡ್ಡಮ್ಮನನ್ನು ಕಟ್ಟಿದ್ದರು. ಕಾಲಿನಿಂದ ಬಾಯಿಯವರೆಗೆ ಹಾಸಿಗೆಗಳ ಸುರಂಗ, ಮೇಲೆ ಕಂಬಳಿ. ಡೆನಿಸ್ ಒಳಗೆ ಬಂದವನೇ ಒಂದು ದಿಂಬಿನ ಮೇಲೆ ಕೂತ. ಇಡೀ ಕ್ಲಾಸು ಕಿರುಚಿತು.

"ಸಾರ್! ತಲೆ ಇಡೋ ಜಾಗದಲ್ಲಿ ಕುಂಡಿ ಇಡ್ತಾರಾ?"

ಅವನು ಕೆಂಪಾಗಿ ಎದ್ದು ನಿಂತ. ಮೆರೆಯಾನಾಳ ತುಟಿಯಂಚಿನಲ್ಲೂ ನಗು ಕಂಡಿತು. ಗೆದ್ದೆ ಅಂದುಕೊಂಡೆ.

ನಿಜವಾಗಿಯೂ ಗೆದ್ದಿದ್ದೆ. ಒಬ್ಬರೂ ಮಾತು ಮರೆಯಲಿಲ್ಲ. ಪರೀಕ್ಷೆಯಲ್ಲಿ ಒಂದು ಸಾಲು ಓದಲಾರದ ಮಕ್ಕಳು ಮಾರುದ್ದದ ಮಾತುಗಳನ್ನು ತಾವೇ ಕಟ್ಟಿ ಆಡಿದರು. ತಾಮಾತಿ ತೆವಳತೊಡಗಿದ. ಹಕ್ಕಿಗಳೆಲ್ಲ ಉಸಿರು ಬಿಗಿಹಿಡಿದವು. ಈಗ ನಗಬೇಕು.

ಮಿರಿಯಾಮಾ ನಗಲಿಲ್ಲ.

ಕಣ್ಸನ್ನೆ ಮಾಡಿದೆ. ಕೈಸನ್ನೆ ಮಾಡಿದೆ. "ನಗೇ!" ಎಂದು ಪಿಸುಗುಟ್ಟಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸುರಂಗದೊಳಗಿಂದ ತಾಮಾತಿ, "ಬೇಗ ನಗೇ, ಇಲ್ಲಿ ಕಾಲ್ವಾಸನೆಗೆ ಸತ್ತೇಹೋಗ್ತೀನಿ" ಎಂದ. ಉಳಿದವರೆಲ್ಲ ಗೊಳ್ಳೆಂದರು. ಅವಳ ಕಣ್ಣಲ್ಲಿ ನೀರು ಬಂತು, ಬಾಯಿ ಬಿಡಲಿಲ್ಲ. ಬೇರೆ ದಾರಿ ಕಾಣದೆ ತಾಮಾತಿ ತೆವಳುತ್ತಾ ತೆವಳುತ್ತಾ ದೊಡ್ಡಮ್ಮನ ಬಾಯಿಂದ ಹೊರಗೆ ಬಂದುಬಿಟ್ಟ.

ಯಾರೋ ಕೂಗಿದರು, "ಮಾವುಯಿ ಗೆದ್ದ!"

"ಹಂಗಾದ್ರೆ ಇನ್ಮೇಲೆ ಯಾರೂ ಸಾಯಲ್ವಾ?"

"ಯಾರೂ ಸಾಯಲ್ಲ ಕಣೋ! ಡೆನಿಸ್ ಸಾರೂ ಸಾಯಲ್ಲ!"

ಹಾಸಿಗೆಗಳು ಉರುಳಿದವು, ಹುಡುಗರು ತೊಡೆ ತಟ್ಟಿ ನಮ್ಮ ಯುದ್ಧದ ಕುಣಿತ ಹಾಕಾ ಕುಣಿದರು. ಮೆರೆಯಾನಾ ಬ್ಯಾಗು ಎತ್ತಿಕೊಂಡು ನನ್ನ ಬಳಿ ಬಂದಳು.

"ಮಜವಾಗಿತ್ತು ಅಕ್ಕಾ. ಆದ್ರೆ ನಮ್ಮ ಕಥೆಯ ಕೊನೆಯೇ ನಮ್ಮ ಮಕ್ಕಳಿಗೆ ಗೊತ್ತಿಲ್ಲ ಅಂದ್ರೆ ಹೇಗೆ ಹೇಳಿ?"

"ಗೊತ್ತಿದೆ. ಒಂದು ಹುಡುಗಿ ತಪ್ಪಿಸಿದ್ಲು, ಅಷ್ಟೇ."

"ಮುಖ್ಯವಾದ ಹುಡುಗಿಯೇ ಅಲ್ವಾ?"

ಡೆನಿಸ್ ನೆಲ ನೋಡುತ್ತಾ, "ಸೋಮವಾರದಿಂದ ಟ್ಯಾಬ್ ಶುರು ಮಾಡೋಣ ರೀಪೆಕಾ" ಎಂದ.

ನನಗೆ ತಲೆ ಕೆಟ್ಟುಹೋಯಿತು. ಅವರಿಬ್ಬರ ಮೇಲಿನ ಸಿಟ್ಟನ್ನೆಲ್ಲ ಹೊತ್ತು ಹೋಗಿ ಆ ಮಗುವಿನ ಮುಂದೆ ಸುರಿದೆ.

"ದಿನವೆಲ್ಲ ಬೇಡ ಅಂದ್ರೂ ನಗ್ತೀಯ. ಇವತ್ತು ಒಂದೇ ಒಂದು ಸಲ ನಗೋಕೆ ಏನಾಗಿತ್ತು ನಿನಗೆ? ನೀನು ಬರ್ಬೇಕು ಅಂತ ತಾನೇ ಇಷ್ಟೆಲ್ಲಾ ಒದ್ದಾಡಿದ್ದು!"

ಅವಳು ಕೈ ಸ್ವಲ್ಪ ಸರಿಸಿ, ಹಲ್ಲು ಕಚ್ಚಿಕೊಂಡೇ ಹೇಳಿದಳು. "ಬುಧವಾರ ಆ ಹಕ್ಕಿ ನಮ್ಮ ಅಡುಗೆಮನೆಗೆ ಬಂತು ಮಿಸ್. ಅಜ್ಜಿ ಪೊರಕೆ ತಗೊಂಡು ಓಡಿಸಿದ್ರು. ಹೋಗ್ಲೇ ಇಲ್ಲ, ಕೋರೊ ಹಾಸಿಗೆ ಸುತ್ತ ಹಾರಾಡ್ತು. ಅದು ಮನೆಯೊಳಗೆ ಬಂದ್ರೆ ಏನು ಅಂತ ನಿಮಗೇ ಗೊತ್ತಲ್ಲ."

ಗೊತ್ತು. ನಮ್ಮಲ್ಲಿ ಎಲ್ಲರಿಗೂ ಗೊತ್ತು. ನನ್ನ ಅಮ್ಮ ತೀರಿಹೋಗುವ ಮುಂಚೆಯೂ ಅದು ಕಿಟಕಿಯಿಂದ ಒಳಗೆ ಬಂದಿತ್ತು. ನನ್ನ ನಾಲಿಗೆ ಸೀದುಹೋಗಬಾರದಿತ್ತೇ ಅನ್ನಿಸಿತು.

"ಈ ಸಲ ಹಕ್ಕಿ ನಾನು ತಾನೇ ಮಿಸ್. ನಾನು ನಗ್ಲಿಲ್ಲ" ಅಂದಳು. ಮತ್ತೆ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಸೋಮವಾರ ಅವಳು ಬರುವುದಿಲ್ಲ ಅಂದುಕೊಂಡದ್ದೂ ಸುಳ್ಳಾಯಿತು. ಕೋರೊ ಆಸ್ಪತ್ರೆಯಲ್ಲಿದ್ದರು, ಮನೆಯಲ್ಲಿ ಅವಳು ಪಕ್ಕ ಕೂತು ನೋಡಿಕೊಳ್ಳಬೇಕಾದವರು ಯಾರೂ ಇರಲಿಲ್ಲ. ಬಂದು ಹೆಡ್‌ಫೋನ್ ಹಾಕಿಕೊಂಡು ಕೂತಳು, ತುಟಿ ಬಿಗಿದುಕೊಂಡು. ಪರದೆಯ ಮೇಲಿನ ಸಾಲನ್ನು ಗಟ್ಟಿಯಾಗಿ ಓದಬೇಕಿತ್ತು. ಟ್ಯಾಬು, "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು" ಅಂದಿತು. ಅವಳು ತುಟಿಯನ್ನು ಇನ್ನಷ್ಟು ಬಿಗಿದಳು. "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು." ವಾರವಿಡೀ ಇದೇ ನಡೆಯಿತು. ಅವಳ ಹೆಸರಿನ ಮುಂದೆ ಸೊನ್ನೆ ಬೀಳುತ್ತಾ ಹೋಯಿತು. ತಾಮಾತಿ ಕೋತಿಯಾಟ ಆಡಿದ, ಡೆನಿಸ್ ಬ್ರೆಡ್ಡಿನ ಮೇಲೆ ಜಾಮಿನಲ್ಲಿ ಮುಖ ಬರೆದುಕೊಟ್ಟ. ಏನೂ ಉಪಯೋಗವಾಗಲಿಲ್ಲ.

ಕೊನೆಗೆ ನನಗೇ ತಡೆಯಲಾಗಲಿಲ್ಲ. ಹೋಗಿ ಆ ಟ್ಯಾಬನ್ನು ಆಫ್ ಮಾಡಿ ಅವಳ ಪಕ್ಕ ನೆಲದ ಮೇಲೆ ಕೂತೆ.

"ಮಿರಿಯಾಮಾ, ಮಾವುಯಿ ಏನು ಹೇಳಿದ್ದ? ನಾನು ಹೊರಗೆ ಬಂದ ಮೇಲೆ ಹೊಟ್ಟೆ ತುಂಬ ನಗಿ ಅಂತ ತಾನೇ? ಅವನು ಬಂದ. ನಾವೆಲ್ಲ ನೋಡಿದ್ವಿ. ಇನ್ನು ಹಕ್ಕಿ ನಗಬಹುದು ಕಂದಾ."

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಇಷ್ಟು ದೊಡ್ಡವಳಿಗೆ ಇಷ್ಟೂ ತಿಳಿಯದೇ ಅನ್ನುವಂತೆ ನನ್ನನ್ನು ನೋಡಿದಳು.

"ಕೋರೊ ಇನ್ನೂ ಹೊರಗೆ ಬಂದಿಲ್ಲ, ಮಿಸ್."