ಲಾವಾದ ತಳ ಹುಡುಕಿದವರು

ಅವರು ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಕಾಲ ಕೆಳಗಿನ ನೆಲವನ್ನು ನೋಡುತ್ತಿದ್ದರು. ಹಾಗಾಗಿ ನಮ್ಮ ಭೂವಿಜ್ಞಾನ ಕಚೇರಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದು, ಎಲ್ಲರ ಬಾಯಲ್ಲಿ ಅವರು ನೆಲದಮ್ಮ ಆಗಿಬಿಟ್ಟಿದ್ದರು. ಕುಳ್ಳಗಿನ ಮೈಕಟ್ಟು, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ, ಅಂಚು ಸುಟ್ಟು ಕರಿಕಾದ ಬೂದು ಕೋಟು. ಹೊಸದು ಹೊಲಿಸಿಕೊಳ್ಳಿ ಎಂದರೆ, "ಇದಕ್ಕಿನ್ನೂ ಎರಡು ತೋಳಿದೆಯಲ್ಲ" ಎನ್ನುವರು.

ಲಾವಾ ಪದರದ ಮೇಲೆ ಪದರ ಹಾಸಿ ನೆಲವನ್ನು ಎತ್ತರಿಸುತ್ತದೆಯೇ ಹೊರತು ಅಗೆಯುವುದಿಲ್ಲ ಎಂಬುದು ನಮ್ಮ ನಿರ್ದೇಶಕರ ದೃಢ ನಂಬಿಕೆ. ಒಂದೇ ಜಾಡಿನಲ್ಲಿ ದಿನಗಟ್ಟಲೆ ಹರಿದರೆ ಅದು ತಳದ ಬಂಡೆಯನ್ನು ಕಾಸಿ ಕರಗಿಸುತ್ತದೆ, ಸಡಿಲವಾದದ್ದನ್ನು ಕಿತ್ತೊಯ್ಯುತ್ತದೆ, ಹೊಳೆಯಂತೆ ತನ್ನ ಪಾತ್ರವನ್ನು ತಾನೇ ಕೊರೆದುಕೊಳ್ಳುತ್ತದೆ ಎಂದು ವಾದಿಸಿ ವಾದಿಸಿ ನೆಲದಮ್ಮ ಹದಿನೈದು ವರ್ಷ ನಗೆಪಾಟಲಾದರು.

ಆ ವರ್ಷ ಬೆಟ್ಟ ಬಾಯ್ದೆರೆದ ಹದಿನೆಂಟನೆಯ ದಿನ, ಲಾವಾ ಹರಿದು ಮಾಡಿಕೊಂಡಿದ್ದ ಕಾಲುವೆಯಲ್ಲಿ ಅದರ ಮಟ್ಟ ಎರಡಾಳುದ್ದ ಇಳಿಯಿತು. ಕೆಳಗಿನ ಕೇರಿಯವರು ಶಾಲೆಯ ಕೋಣೆಗಳಲ್ಲಿ ಮುದುಡಿ ಮಲಗಿ ಬೇಸತ್ತಿದ್ದರು. ಅವರನ್ನು ಮನೆಗೆ ಕಳಿಸುವ ಆದೇಶ ಸಿದ್ಧವಾಯಿತು. ಸ್ಥಳ ನೋಡಿಬಂದ ನೆಲದಮ್ಮನ ಸಹಿಯೊಂದೇ ಬಾಕಿ.

"ಹರಿವು ಕಡಿಮೆ ಆಗಿದೆ, ಸಹಿ ಹಾಕಿಬಿಡಿ," ಎಂದರು ನಿರ್ದೇಶಕರು.

"ಹರಿವು ಕಡಿಮೆ ಆಗಿದ್ರೆ ವೇಗ ಯಾಕೆ ಇಳಿದಿಲ್ಲ ಸಾರ್? ಬೆಳಿಗ್ಗೆಯಿಂದ ಅಳೀತಾ ಇದ್ದೀನಿ. ಕುಸಿದಿರೋದು ತಳ. ತಿರುವಿನಲ್ಲಿ ದಂಡೆಯ ಬುಡಾನೂ ತಿಂತಾ ಇದೆ."

"ಈ ಹಟಕ್ಕೆ ಕೆಲಸ ಹೋದೀತು."

"ಹೋಗ್ಲಿ. ಕೈ ನಂದು, ಸಹಿ ನಂದು. ಹಾಕಲ್ಲ."

ನೆಲದಮ್ಮ ನೇರ ಶಾಲೆಗೆ ನಡೆದರು. "ನಮ್ಮನೆಗೆ ಹೋಗೋಕೆ ನಿಮ್ಮಪ್ಪಣೆ ಬೇಕಾ?" ಎಂದು ದರ್ಜಿಯೊಬ್ಬ ಮೈಮೇಲೆ ಬಂದ. ಅವರು ಬಾಗಿಲಿಗೆ ಅಡ್ಡ ನಿಂತು, ಪಕ್ಕದಲ್ಲಿದ್ದ ನನ್ನ ಕೈಯಿಂದ ನಕ್ಷೆಯ ಸುರುಳಿ ತೆಗೆದು ಬಿಡಿಸಿ, ದಂಡೆ ಕುಸಿದರೆ ಲಾವಾ ಯಾವ ದಾರಿ ಹಿಡಿಯುತ್ತದೆಂದು ಬೆರಳಿಟ್ಟು ತೋರಿಸಿದರು. ಜನ ಗೊಣಗುತ್ತಲೇ ಉಳಿದರು.

ಅದಾದ ಮೂರನೆಯ ದಿನ ಮಧ್ಯಾಹ್ನ ಬುಡ ಸವೆದ ದಂಡೆ ಕುಸಿದು ಲಾವಾ ಕೇರಿಗೆ ನುಗ್ಗಿತು. ದರ್ಜಿಯದೂ ಸೇರಿ ಹನ್ನೊಂದು ಮನೆಗಳು ಬೂದಿಯಾದವು. ಜೀವ ಒಂದೂ ಹೋಗಲಿಲ್ಲ. ಆದರೂ ಮಾತು ಮೀರಿದ್ದಕ್ಕೆ ಅವರನ್ನು ಕಡತದ ಕೋಣೆಗೆ ತಳ್ಳಿದರು. ನೆಲದಮ್ಮ ಬಂಡೆ ತಣಿಯುವವರೆಗೆ ತಿಂಗಳುಗಟ್ಟಲೆ ಕಾದು, ರಜೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು ಬರಿದಾದ ಕಾಲುವೆಗೆ ಇಳಿದರು. ಹಳೆಯ ನೆಲಮಟ್ಟಕ್ಕಿಂತ ಎಷ್ಟೋ ಕೆಳಗೆ, ಕೊರೆದ ಬಂಡೆಗೆ ಹೊಸ ಲಾವಾ ಗಾಜಿನಂತೆ ಮೆತ್ತಿತ್ತು. ವರದಿಯನ್ನು ನಿರ್ದೇಶಕರ ಮೇಜಿನ ಮೇಲಿಟ್ಟು ಬಂದರು.

"ಓದ್ತಾರಾ?" ಎಂದೆ.

"ಓದದಿದ್ರೆ ನಾಳೆ ಇನ್ನೊಂದು ಪ್ರತಿ ಇಡ್ತೀನಿ."

ಇಂಥವರನ್ನು ನಾವು ಅಹಂಕಾರಿಗಳೆಂದು ದೂರುತ್ತೇವೆ. ಕಂಡದ್ದನ್ನು ಕಾಣಲಿಲ್ಲವೆನ್ನಲು ಬಾರದ ಒಂದು ಮಹಾ ಅಸಾಮರ್ಥ್ಯವಷ್ಟೇ ಅವರದು; ಉಳಿದವರೆಲ್ಲ ನಿಶ್ಚಿಂತರಾಗಿ ಬದುಕುವುದು ಆ ಅಸಾಮರ್ಥ್ಯದ ಆಸರೆಯಲ್ಲಿ.